ದೊಡ್ಡವನ ಹೆಸರಿನ ಲೈನು

ಆ ಮನೆಯ ಇಂಟರ್‌ನೆಟ್ ಲೈನು ಹಿರಿಯ ಮಗನ ಹೆಸರಿನಲ್ಲಿತ್ತು. ಹಿರಿಯ ಮಗ ತೀರಿಕೊಂಡು ವರ್ಷ ತುಂಬಿತ್ತು. ಬ್ಯಾಂಕಿನಲ್ಲಿ, ಅವನ ಕೆಲಸದ ಜಾಗದಲ್ಲಿ, ಮಗುವಿನ ಶಾಲೆಯಲ್ಲಿ, ಎಲ್ಲ ಕಡೆಯೂ ಸೊಸೆಯೇ ಹೋಗಿ ವಿಷಯ ಹೇಳಿ ಹೆಸರು ಬದಲಾಯಿಸಿ ಬಂದಿದ್ದಳು. ಇದೊಂದು ಮಾತ್ರ ಹಾಗೆಯೇ ಉಳಿದಿತ್ತು. ತಿಂಗಳ ಹಣ ಮಾವನ ಪಿಂಚಣಿಯಿಂದ ತಾನಾಗಿ ಹೋಗುತ್ತಿದ್ದುದರಿಂದ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ.

ಸೊಸೆ ಮನೆಯಲ್ಲೇ ಕೂತು ಒಂದು ದೊಡ್ಡ ಆಸ್ಪತ್ರೆಯ ಕೆಲಸ ಮಾಡುತ್ತಿದ್ದಳು. ರೋಗಿಗಳು ಫೋನ್ ಮಾಡಿದರೆ ಯಾವ ಡಾಕ್ಟರು ಯಾವ ದಿನ ಸಿಗುತ್ತಾರೆಂದು ನೋಡಿ ಸಮಯ ಗೊತ್ತುಮಾಡಿಕೊಡುವುದು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಮೇಜು, ಕಂಪ್ಯೂಟರು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಬರುವ ಕರೆಗಳೆಲ್ಲ ಇಂಟರ್‌ನೆಟ್ಟಿನ ಮೂಲಕವೇ ಬರುತ್ತಿದ್ದವು. ಲೈನು ಹೋದರೆ ಆ ಕಡೆಯ ರೋಗಿಯ ಮಾತೂ ಅರ್ಧಕ್ಕೆ ನಿಲ್ಲುತ್ತಿತ್ತು.

ಈಚೆಗೆ ಲೈನು ಪದೇಪದೇ ಹೋಗುತ್ತಿತ್ತು. ಅಂದು ಮಧ್ಯಾಹ್ನವೂ ಹೋಯಿತು.

"ಅಯ್ಯೋ, ಮತ್ತೆ!" ಎಂದು ಸೊಸೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. "ಪಾಪ, ಮಂಡಿ ನೋವಿನ ಮುದುಕರು. ಮೂರನೇ ಸಲ ಫೋನ್ ಮಾಡಿದ್ರು. 'ನೀನಾದ್ರೂ ಕಟ್ ಮಾಡಬೇಡಮ್ಮಾ' ಅಂತಿದ್ರು, ಅಷ್ಟರಲ್ಲಿ ಕಟ್."

ಕಿರಿಯ ಮಗ ಊಟಕ್ಕೆ ಕೂತಿದ್ದ. ಹತ್ತಿರದ ಟೈಲ್ಸ್ ಅಂಗಡಿಯಲ್ಲಿ ಅವನಿಗೆ ಕೆಲಸ. ಮಧ್ಯಾಹ್ನ ಮನೆಗೆ ಬಂದು ಉಂಡು ಹೋಗುತ್ತಿದ್ದ. ಕೈಯ ಮೇಲೆ, ಹುಬ್ಬಿನ ಮೇಲೆ ಬಿಳಿ ಧೂಳು.

"ಏ ಚಿಕ್ಕೋನೇ, ಕಂಪನಿಗೆ ಫೋನ್ ಮಾಡೋ," ಎಂದರು ಅತ್ತೆ.

"ಅಮ್ಮಾ, ಊಟ ಮಾಡ್ತಿದೀನಿ."

"ಎಡಗೈ ಖಾಲಿ ಇದೆಯಲ್ಲ. ಮಾಡು. ಅವಳ ಕೆಲಸ ಹೋಗುತ್ತೆ."

ಅವನು ಎಡಗೈಯಲ್ಲೇ ಫೋನ್ ಒತ್ತಿ ತಟ್ಟೆಯ ಪಕ್ಕಕ್ಕಿಟ್ಟ. ಸಂಗೀತ ಬಂತು. ಆಮೇಲೆ ಒಬ್ಬ ಹುಡುಗಿಯ ಧ್ವನಿ ಹಿರಿಯ ಮಗನ ಪೂರ್ತಿ ಹೆಸರು ಹೇಳಿ, "ಅವರೇನಾ ಮಾತಾಡ್ತಿರೋದು?" ಎಂದು ಕೇಳಿತು.

"ಹೌದು, ನಾನೇ," ಎಂದ ಕಿರಿಯವನು, ತುತ್ತು ನುಂಗಿ.

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಸೊಸೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಇದು ಶುರುವಾದದ್ದು ಹೀಗೆ. ದೊಡ್ಡವನು ಹೋದ ಕೆಲವು ವಾರಗಳ ಮೇಲೆ ಕಂಪನಿಯಿಂದ ಅವನನ್ನು ಕೇಳಿಕೊಂಡು ಕರೆ ಬಂದಿತ್ತು. ಫೋನ್ ಎತ್ತಿದ್ದು ಅತ್ತೆ. ಅವನಿಲ್ಲವೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಕಿರಿಯ ಮಗನ ಕೈಗೆ ಫೋನ್ ಕೊಟ್ಟು, "ನೀನೇ ಮಾತಾಡು" ಎಂದಿದ್ದರು. ಅಣ್ಣತಮ್ಮಂದಿರ ಧ್ವನಿ ಒಂದೇ ತರಹ. ಬಾಗಿಲ ಹೊರಗೆ ನಿಂತು ಕೂಗಿದರೆ ಯಾರು ಬಂದರೆಂದು ಮನೆಯವರಿಗೇ ಗೊತ್ತಾಗುತ್ತಿರಲಿಲ್ಲ. ಆ ಕಡೆಯವರು ಹೆಸರು ಹೇಳಿ ಕೇಳಿದರು, ಇವನು ಹೌದೆಂದ. ಅಲ್ಲಿಂದ ಮುಂದೆ ಅದೇ ಅಭ್ಯಾಸವಾಯಿತು. ದೊಡ್ಡವನ ಹೆಸರನ್ನು ಮನೆಯಲ್ಲಿ ಈಗ ಯಾರೂ ಎತ್ತುತ್ತಿರಲಿಲ್ಲ. ಬಾಯಿತುಂಬ ಹೇಳುತ್ತಿದ್ದವರು ಕಂಪನಿಯವರೊಬ್ಬರೇ.

ಆ ಸಂಜೆ ಸೊಸೆ ಈರುಳ್ಳಿ ಹೆಚ್ಚುತ್ತ ಮಾತು ತೆಗೆದಳು.

"ಮಾವ, ಕಂಪನಿ ಬದಲಾಯಿಸೋಣ ಅಂತಿದೀನಿ. ಮೇಲಧಿಕಾರಿ ಇವತ್ತು ಖಡಾಖಂಡಿತವಾಗಿ ಹೇಳಿದ್ರು. ಇನ್ನೂ ಹೀಗೇ ಆದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ನೋಡ್ತಾರಂತೆ."

ಮಾವ ನಿವೃತ್ತರಾಗುವವರೆಗೆ ಬೇಕರಿಯಲ್ಲಿ ಒಲೆಯ ಮುಂದೆ ನಿಂತು ದುಡಿದವರು. ಸಾಯಂಕಾಲದ ಪ್ರಾರ್ಥನೆ ಮುಗಿಸಿ ಕನ್ನಡಕ ಒರೆಸುತ್ತಿದ್ದರು. "ಬದಲಾಯಿಸೋದು ಅಂದ್ರೆ ಗೋಡೆ ಎಲ್ಲಾ ಕೊರೀತಾರಾ?"

"ಇಲ್ಲ ಮಾವ. ಮಾರ್ಕೆಟ್ ಹತ್ರ ಹೊಸ ಕಂಪನಿ ಹುಡುಗಿ ಕೂತಿದ್ಲು, ವಿಚಾರಿಸಿದೆ. ಹಳಬರ ಹತ್ರ ಜಗಳ ಆಡೋದೇ ಬೇಡವಂತೆ. ಹೊಸಬರೇ ಎಲ್ಲಾ ನೋಡ್ಕೋತಾರೆ. ಹಳೇ ಕಂಪನಿಯವರು ಹಿಡಿದಿಟ್ಕೊಳ್ಳೋ ಹಾಗಿಲ್ಲ, ಕಾನೂನೇ ಇದೆಯಂತೆ. ಮಧ್ಯೆ ಲೈನು ನಿಂತು ನಷ್ಟ ಆದ್ರೆ ಅವರೇ ಕಟ್ಟಿಕೊಡಬೇಕಂತೆ."

"ಇದ್ದದ್ದು ಇರಲಿ ಬಿಡು," ಎಂದರು ಅತ್ತೆ, ಒಲೆಯ ಕಡೆ ತಿರುಗಿಕೊಂಡೇ. "ಹೊಸಬರು ಮಾತ್ರ ಆಕಾಶದಿಂದ ಇಳಿದಿದಾರಾ? ಎಲ್ಲರೂ ಅಷ್ಟೇ."

"ಕೆಲಸ ಹೋದ್ರೆ ಏನು ಮಾಡೋದು ಅತ್ತೆ?"

ಅತ್ತೆ ಬೇಳೆ ಬೆಂದಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿದರು.

ಸೊಸೆ ಹೊಸ ಕಂಪನಿಗೆ ಅರ್ಜಿ ಕೊಟ್ಟಳು. ಅವರು ಹೇಳಿದ ಹಾಗೆಯೇ ಹಳಬರಿಗೆ ಬರೆದರು. ಆದರೆ ವಾರದೊಳಗೆ ಹಳೆಯ ಕಂಪನಿಯ ಉತ್ತರ ಬಂತು. ಈ ಗ್ರಾಹಕರು ಹೋದ ಚಳಿಗಾಲದಲ್ಲಿ ಫೋನಿನಲ್ಲಿ ಒಪ್ಪಿ ಎರಡು ವರ್ಷಕ್ಕೆ ಹೊಸ ಒಪ್ಪಂದ ಮಾಡಿಕೊಂಡಿದ್ದಾರೆ, ಮಧ್ಯದಲ್ಲಿ ಬಿಟ್ಟರೆ ದಂಡ ಕಟ್ಟಬೇಕು ಎಂದು. ದಂಡ ಸಣ್ಣದಾಗಿರಲಿಲ್ಲ. ಸೊಸೆ ಎರಡು ಸಲ ಓದಿದಳು. ಹೋದ ಚಳಿಗಾಲ.

ರಾತ್ರಿಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಕೇಳಿದಳು. "ಏನೋ, ನೀನೇನಾದ್ರೂ ಒಪ್ಕೊಂಡಿದ್ಯಾ?"

ಮೈದುನ ಆಲೂಗಡ್ಡೆಯ ಹೋಳನ್ನು ತಟ್ಟೆಯ ಅಂಚಿಗೆ ತಳ್ಳಿದ. "ಅತ್ತಿಗೆ, ಅವರು ಸ್ಪೀಡ್ ಜಾಸ್ತಿ ಕೊಡ್ತೀವಿ ಅಂದ್ರು. ದುಡ್ಡು ಜಾಸ್ತಿ ಆಗಲ್ಲ ಅಂದ್ರು. ಅಂಗಡೀಲಿ ಗಿರಾಕಿ ಕಾಯ್ತಿದ್ದ. ಆಯ್ತು ಅಂದೆ."

"ಆಯ್ತು ಅಂದವರು ಯಾರು? ನೀನಾ, ಅವರಾ?"

"ನಾನು... ಅಂದ್ರೆ, ಅಣ್ಣನ ಹೆಸರಲ್ಲಿ."

"ಸತ್ತು ಮೂರು ತಿಂಗಳ ಮೇಲೆ ನಿಮ್ಮಣ್ಣ ಎರಡು ವರ್ಷಕ್ಕೆ ಮಾತು ಕೊಟ್ಟಿದಾರೆ. ಚೆನ್ನಾಗಿದೆ."

"ಅವನನ್ಯಾಕೆ ಅಂತೀಯ?" ಎಂದರು ಅತ್ತೆ. "ಗಂಡಸು ದುಡಿದು ಸುಸ್ತಾಗಿ ಬಂದಿರ್ತಾನೆ."

"ನಾನು ಕುರ್ಚಿ ಮೇಲೆ ಕೂತು ಹರಟೆ ಹೊಡೀತಿರ್ತೀನಾ ಅತ್ತೆ?"

"ನಾನು ಹಾಗಂದ್ನಾ?"

"ಊಟದ ಹೊತ್ತು," ಎಂದರು ಮಾವ. "ದೇವರು ಕೊಟ್ಟ ಅನ್ನ ಮುಂದಿದೆ. ತಿನ್ನಿ."

ಮೊಮ್ಮಗಳು ಗುಬ್ಬಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇನ್ನೂ ಪ್ರೈಮರಿ ಶಾಲೆಯ ಹುಡುಗಿ. "ಚಿಕ್ಕಪ್ಪಾ, ನನ್ನ ಹೋಮ್‌ವರ್ಕೂ ನೀನೇ ನನ್ನ ಧ್ವನೀಲಿ ಹೇಳಿಬಿಡು," ಎಂದಳು. ಮೈದುನನಿಗೆ ನಗು ಬಂತು, ತಡೆದುಕೊಂಡ. ಬೇರೆ ಯಾರೂ ನಗಲಿಲ್ಲ.

ಮರುದಿನ ಸೊಸೆ ಸರ್ಕಾರದ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿದಳು. ಅಲ್ಲಿದ್ದವರು ವಯಸ್ಸಾದ ಹೆಂಗಸು, ಸಾವಧಾನವಾಗಿ ಹೇಳಿದರು. ಕೊಡುತ್ತೇವೆಂದ ವೇಗ ಕೊಡದಿದ್ದರೆ ದೂರು ಕೊಡಿ. ಸರಿಮಾಡಲು ಅವರಿಗೆ ಒಂದು ತಿಂಗಳ ಅವಕಾಶ. ಅಷ್ಟರಲ್ಲಿ ಸರಿಹೋಗದಿದ್ದರೆ ದಂಡವಿಲ್ಲದೆ ಹೊರಗೆ ಬರುವುದು ನಿಮ್ಮ ಹಕ್ಕು. ಆದರೆ ದೂರನ್ನು ಲೈನು ಯಾರ ಹೆಸರಿನಲ್ಲಿದೆಯೋ ಅವರೇ ಕೊಡಬೇಕು.

ಗಂಡ ಇಲ್ಲವೆಂದು ಸೊಸೆ ಅಲ್ಲಿಯೇ ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಥ್ಯಾಂಕ್ಸ್ ಎಂದು ಇಟ್ಟಳು.

ಹೀಗೆ ದೂರು ಕೊಡುವ ಕೆಲಸವೂ ಕಿರಿಯವನ ಪಾಲಿಗೇ ಬಂತು. ಅತ್ತೆಗೆ ಇದು ಒಪ್ಪಿಗೆಯಾಯಿತು. ಬದಲಾಯಿಸುವುದು ಬೇಡವೆಂದವರೇ ಈಗ ದೂರಿನ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. "ಇವತ್ತೂ ಹೋಯ್ತು ನೋಡು, ಬರೆಸು," ಎನ್ನುವರು. ಮಗ ಉಂಡು ಕೈ ತೊಳೆಯುವಷ್ಟರಲ್ಲಿ ಫೋನನ್ನು ಸೀರೆಯ ಸೆರಗಿನಲ್ಲಿ ಒರೆಸಿ ಕೈಗಿಡುವರು. ಆ ಕಡೆಯವರು ಹೆಸರು ಹೇಳುವರು. ಇವನು ಹೌದೆನ್ನುವನು. "ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ," ಎನ್ನುವರು, ಮತ್ತೆ ಅದೇ ಹೆಸರು. ಅತ್ತೆ ಬಾಗಿಲಲ್ಲಿ ನಿಂತಿರುವರು. ಅಂದು ಮಗನ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಬೀಳುವುದು.

"ಅಮ್ಮಾ, ನನಗೆ ಸಾಕಾಗಿದೆ," ಎಂದ ಅವನು ಒಂದು ದಿನ. "ಅಂಗಡೀಲಿ ಯಾರಾದ್ರೂ ಅಣ್ಣನ ಹೆಸರಿನವರನ್ನ ಕೂಗಿದ್ರೆ ನಾನು ತಿರುಗಿ ನೋಡ್ತೀನಿ."

"ನೋಡಿದ್ರೆ ಕುತ್ತಿಗೆ ಉಳುಕುತ್ತಾ?" ಎಂದರು ಅತ್ತೆ.

ಸೊಸೆ ಕೆಲಸ ಮುಂದುವರಿಸಿದಳು. ಬೆಳಿಗ್ಗೆ ಎದ್ದು ಮಗುವಿಗೆ ಬ್ರೆಡ್ಡು ಸುಟ್ಟುಕೊಟ್ಟು, ತಲೆ ಬಾಚಿ ಕಳಿಸಿ, ಮೇಜಿನ ಮುಂದೆ ಕೂರುವಳು. ಮಧ್ಯಾಹ್ನ ಲೈನು ಹೋಗುವುದು. ಕಾಯುವಳು. ಬರುವುದು. ಮತ್ತೆ ಕೂರುವಳು. ಅಳುವುದಾಗಲಿ ರೇಗುವುದಾಗಲಿ ಇರಲಿಲ್ಲ. ಊರಾಚೆ ಇದ್ದ ಅಕ್ಕ ಫೋನ್ ಮಾಡಿ, "ನಮ್ಮನೇಲಿ ಮಹಡಿ ರೂಮು ಖಾಲಿ ಇದೆ, ಲೈನೂ ಚೆನ್ನಾಗಿದೆ, ಮಗೂನ ಕರ್ಕೊಂಡು ಬಂದುಬಿಡೇ," ಎಂದಾಗ, "ನೋಡ್ತೀನಕ್ಕಾ," ಎಂದಳು. ಗುಬ್ಬಿಯ ಶಾಲೆ ಬದಲಾಯಿಸಲು ಏನು ಬೇಕೆಂದು ವಿಚಾರಿಸಿದಳು. ಇದನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿಯೂ ಹೇಳಿದಳು. ಮಾವ ನೀರಿನ ಲೋಟ ಎತ್ತಿ ಕುಡಿಯದೆ ಇಟ್ಟರು. ಅತ್ತೆ, "ಅಲ್ಲಿ ಹವಾ ಒಳ್ಳೇದಲ್ಲ," ಎಂದಷ್ಟೇ ಹೇಳಿದರು.

ದೂರಿನ ಒಂದು ತಿಂಗಳ ಅವಧಿ ಮುಗಿಯುವ ಹೊತ್ತಿಗೆ ಕಂಪನಿಯವರೇ ಕರೆ ಮಾಡಿದರು. ಭಾನುವಾರ, ಎಲ್ಲರೂ ಮನೆಯಲ್ಲಿದ್ದರು. ಮೈದುನ ಎಲ್ಲರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಹೆಸರು, ಹೌದು, ಎಲ್ಲಾ ಆಯಿತು.

"ಸರ್, ನಿಮ್ಮ ಲೈನನ್ನ ತಿಂಗಳು ಪೂರ್ತಿ ನೋಡಿದೀವಿ," ಎಂದಿತು ಆ ಕಡೆಯ ಗಂಡು ಧ್ವನಿ. "ಲೈನಲ್ಲಿ ದೋಷ ಇಲ್ಲ. ವೇಗಾನೂ ಸರಿಯಾಗಿದೆ."

"ಹೇಗ್ರೀ ಸರಿಯಾಗಿರುತ್ತೆ? ದಿನಾ ಹೋಗ್ತಿದೆಯಲ್ಲ!"

"ಹೋಗ್ತಿರೋದು ಲೈನಲ್ಲ ಸರ್. ರೂಟರಿಗೆ ಕರೆಂಟ್ ಹೋಗ್ತಿದೆ. ಸ್ವಿಚ್ ಆಫ್ ಆಗಿ, ಸ್ವಲ್ಪ ಹೊತ್ತಿಗೆ ಆನ್ ಆಗುತ್ತೆ. ಹೆಚ್ಚಾಗಿ ಮಧ್ಯಾಹ್ನ ಊಟದ ಸಮಯ. ಮನೇಲಿ ಯಾರಾದ್ರೂ ಆಫ್ ಮಾಡ್ತಿದಾರಾ ನೋಡಿ. ಇದರ ಮೇಲೆ ದಂಡ ಬಿಡೋಕಾಗಲ್ಲ."

ಮೈದುನ ಫೋನ್ ಇಟ್ಟ. ರೂಟರು ಇದ್ದದ್ದು ಅಡಿಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ. ಸ್ವಿಚ್ಚು ಅದರ ಕೆಳಗೆ. ಒಳಗಿನಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಮಾವ ತಲೆ ಎತ್ತಲಿಲ್ಲ. ಆಶ್ಚರ್ಯಪಟ್ಟವರ ಹಾಗೂ ಕಾಣಲಿಲ್ಲ.

"ಮಾವ, ನಿಮಗೆ ಗೊತ್ತಿತ್ತಾ?" ಎಂದಳು ಸೊಸೆ.

"ಒಂದು ಸಲ ನೋಡಿದ್ದೆ," ಎಂದರು ಮಾವ. "ಕೈ ತಗುಲಿರಬೇಕು ಅಂದ್ಕೊಂಡೆ."

"ಕೈ ತಗುಲಿದ್ದಲ್ಲ," ಎಂದರು ಅತ್ತೆ. ತೊಡೆಯ ಮೇಲಿನ ಮೊರದಲ್ಲಿ ಬೇಳೆ ಆರಿಸುತ್ತಿದ್ದರು; ನಿಲ್ಲಿಸಲಿಲ್ಲ. "ನಾನೇ ಆಫ್ ಮಾಡಿದ್ದು. ಏನೀಗ? ಎಷ್ಟು ಹೊತ್ತು ಆಗುತ್ತೆ? ಇವನು ಫೋನ್ ಮಾಡ್ತಾನೆ, ಅವರು ಹೆಸರು ಹೇಳ್ತಾರೆ, ಇವನು ನಾನೇ ಅಂತಾನೆ. ಆಮೇಲೆ ಹಾಕಿಬಿಡ್ತೀನಿ. ಅಷ್ಟೇ ತಾನೆ."

"ಅಮ್ಮಾ!" ಎಂದ ಮಗ.

"ನನ್ನ ಕೆಲಸ, ಅತ್ತೆ," ಎಂದಳು ಸೊಸೆ. ಧ್ವನಿ ಏರಲಿಲ್ಲ. "ನನ್ನ ಕೆಲಸ ಹೋಗ್ತಿತ್ತು. ನಿಮ್ಮ ಮೊಮ್ಮಗಳ ಫೀಸು ಅದು."

"ಹೋಗಲ್ಲ ಅಂದ್ಕೊಂಡೆ."

"ಕಷ್ಟದಲ್ಲಿರೋರು ಫೋನ್ ಮಾಡ್ತಾರೆ ಅತ್ತೆ. ರೋಗಿಗಳು."

ಅತ್ತೆ ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕಿಟ್ಟರು.

ಮೈದುನನೇ ಮಾತಾಡಿದ. "ಅತ್ತಿಗೆ, ಹೇಗೂ ಲೈನು ಸರಿ ಇದೆ ಅಂತಾಯ್ತು. ಅಮ್ಮ ಇನ್ನು ಮುಟ್ಟಲ್ಲ. ಬದಲಾಯಿಸೋದ್ಯಾಕೆ? ದಂಡಾನೂ ಉಳೀತು."

"ನನಗೆ ಬೇಡ. ಲೈನು ಚಿನ್ನದ್ದಾದ್ರೂ ಬೇಡ. ನೀನು ಇಲ್ಲಿ ಕೂತು 'ನಾನೇ' ಅನ್ನೋವಾಗ ನಾನು ಅಲ್ಲಿ ಕೂತಿರ್ತೀನಿ ಕಣೋ. ಗೋಡೆ ಕೂಡ ಇಲ್ಲ ಮಧ್ಯೆ." ಅವಳು ಎದ್ದು ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಹೋದಳು. ಒಳಗೆ ಬಂದು ಮಡಿಸುತ್ತ ಮತ್ತೆ ಹೇಳಿದಳು. "ಸಹಾಯವಾಣಿಯವರಿಗೆ ನಾಳೆ ಇನ್ನೊಂದ್ಸಲ ಕೇಳ್ತೀನಿ. ಅದಾಗಲಿಲ್ಲ ಅಂದ್ರೆ ತಿಂಗಳ ಕೊನೆಗೆ ಅಕ್ಕನ ಮನೆಗೆ ಹೋಗ್ತೀನಿ."

ಈ ಸಲ ಅವಳು ಸಹಾಯವಾಣಿಯ ಹೆಂಗಸಿಗೆ ಎಲ್ಲವನ್ನೂ ಹೇಳಿದಳು. ಆಕೆ ಹೇಳಿದರು: "ನೋಡಮ್ಮಾ, ತೀರಿಹೋದವರ ಹೆಸರಲ್ಲಿ ಆಮೇಲೆ ಆದ ಒಪ್ಪಂದ ನಿಲ್ಲೋದಿಲ್ಲ. ದಂಡ ಕೇಳೋ ಹಕ್ಕು ಅವರಿಗಿಲ್ಲ. ಆದ್ರೆ ಅವರು ಇಲ್ಲ ಅಂತ ಮನೆಯವರು ಯಾರಾದ್ರೂ ಕಂಪನಿಗೆ ಹೇಳಬೇಕಲ್ಲ. ಇಷ್ಟು ದಿನ ಮಾತಾಡಿದ್ದು ಯಾರು ಅನ್ನೋದನ್ನೂ ಒಪ್ಕೋಬೇಕು. ನೀವು ಹೆಂಡತಿ. ನೀವೇ ಹೇಳಿದ್ರೆ ಸಾಕು."

ಇದನ್ನೂ ಅವಳು ಮನೆಯವರಿಗೆ ತಿಳಿಸಿದಳು, ಚಹಾ ಕೊಡುತ್ತ.

"ಹಾಗಿದ್ರೆ ಹೇಳಿಬಿಡಮ್ಮಾ," ಎಂದರು ಮಾವ.

"ನಾನು ಹೇಳಲ್ಲ ಮಾವ. ಬ್ಯಾಂಕಲ್ಲಿ ನಾನೇ ಹೇಳಿದೆ. ಅವರ ಆಫೀಸಲ್ಲಿ ನಾನೇ ಹೇಳಿದೆ. ಸ್ಕೂಲಲ್ಲಿ, ಗುಬ್ಬಿ ಪಕ್ಕದಲ್ಲಿ ನಿಂತಿರುವಾಗ ಹೇಳಿದೆ. ಒಂದೊಂದು ಕಡೆ ಹೇಳಿ ಬಂದಾಗಲೂ ಅವರನ್ನ ನಾನೇ ಕಳಿಸಿಕೊಟ್ಟು ಬಂದ ಹಾಗಾಗುತ್ತೆ. ಇದನ್ನ ಬೇರೆ ಯಾರಾದ್ರೂ ಹೇಳಲಿ."

"ನಾನು ಹೇಳ್ತೀನಿ," ಎಂದ ಮೈದುನ.

"ನೀನು ಬಾಯಿ ಬಿಟ್ರೆ ಕಂಪನಿಯವರು ನಿನ್ನನ್ನೇ ನಿಮ್ಮಣ್ಣ ಅಂದ್ಕೋತಾರೆ."

ಚಹಾ ಕುಡಿದು ಎಲ್ಲರೂ ಎದ್ದರು. ಅತ್ತೆ ಲೋಟಗಳನ್ನು ತೊಳೆದು ಬೋರಲು ಹಾಕಿದರು.

ಆ ವಾರ ಮನೆಯಲ್ಲಿ ಮಾತು ಕಡಿಮೆ. ಉಪ್ಪು ಕೊಡು, ಗ್ಯಾಸು ಮುಗಿದಿದೆ, ಬಾಗಿಲು ಹಾಕಿಕೊ. ಲೈನು ಒಮ್ಮೆಯೂ ಹೋಗಲಿಲ್ಲ. ಕಿರಿಯವನು ಊಟ ಮಾಡಿ ಎದ್ದು ಹೋಗುತ್ತಿದ್ದ. ಅತ್ತೆ ಬಾಗಿಲಿಗೆ ಬರುತ್ತಿರಲಿಲ್ಲ. ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಮಾವ ಹೆಂಡತಿಗೆ ಹೇಳಿದರು:

"ದೇವರಿಗೆ ಗೊತ್ತಿರೋದನ್ನ ಕಂಪನಿಯವರಿಂದ ಎಷ್ಟು ದಿನ ಮುಚ್ಚಿಡ್ತೀಯ?"

"ನೀವು ದಿನಾ ಪ್ರಾರ್ಥನೆ ಮಾಡ್ತೀರಲ್ಲ. ಅವನ ಹೆಸರು ಹೇಳ್ತೀರಾ?"

ಮಾವ ಕನ್ನಡಕ ತೆಗೆದು ಒರೆಸತೊಡಗಿದರು.

"ಹೇಳಲ್ಲ," ಎಂದರು ಅತ್ತೆ. "ನಾನು ಕೇಳಿಸ್ಕೋತಾ ಇರ್ತೀನಿ. ನನ್ನ ಹೆಸರು, ಅವಳ ಹೆಸರು, ಗುಬ್ಬಿ ಹೆಸರು, ಬೀದಿಯವರ ಹೆಸರು ಕೂಡ. ಅವನದು ಬಿಟ್ಟು."

ಶನಿವಾರ ಸೊಸೆಗೆ ಅರ್ಧ ದಿನದ ಕೆಲಸವಿತ್ತು. ಗುಬ್ಬಿ ನೆಲದ ಮೇಲೆ ಕೂತು ಹೋಮ್‌ವರ್ಕು ಬರೆಯುತ್ತಿದ್ದಳು. ಅತ್ತೆ ಅನ್ನಕ್ಕಿಟ್ಟು ಕೈ ಒರೆಸಿಕೊಂಡು ಹೊರಗೆ ಬಂದರು. ಗಂಡನ ಮುಂದೆ ನಿಂತರು.

"ರೀ, ಆ ನಂಬರು ಹಾಕಿಕೊಡಿ."

ಮಾವ ಹಾಕಿಕೊಟ್ಟರು. ಇದಕ್ಕೆ ಒಂದನ್ನು ಒತ್ತಿ, ಅದಕ್ಕೆ ಎರಡನ್ನು ಒತ್ತಿ ಎಂದು ಯಂತ್ರ ಹೇಳಿತು. ಮಾವ ಒತ್ತಿದರು. ಬಹಳ ಹೊತ್ತು ಸಂಗೀತ. ಅತ್ತೆ ನಿಂತೇ ಇದ್ದರು.

"ನಮಸ್ಕಾರ. ಲೈನು ಯಾರ ಹೆಸರಲ್ಲಿದೆ ಅಮ್ಮಾ?" ಎಂದಳು ಒಬ್ಬ ಹುಡುಗಿ.

"ನನ್ನ ಮಗನ ಹೆಸರಲ್ಲಿ. ಅದನ್ನ ತೆಗೀಬೇಕಿತ್ತು."

"ಅದಕ್ಕೆ ಅವರ ಒಪ್ಪಿಗೆ ಬೇಕಾಗುತ್ತಮ್ಮ. ಅವರು ಹತ್ರ ಇದಾರಾ?"

"ಇಲ್ಲ."

"ಪರವಾಗಿಲ್ಲ. ಯಾವಾಗ ಸಿಗ್ತಾರೆ ಹೇಳಿ, ಆಗಲೇ ಮಾಡ್ತೀವಿ."

ಅತ್ತೆ ಗೋಡೆಯನ್ನು ನೋಡಿದರು. ಒಲೆಯ ಮೇಲೆ ಮುಚ್ಚಳ ಕುಣಿಯುತ್ತಿತ್ತು.

"ಸಿಗಲ್ಲ," ಎಂದರು. "ತೀರ್ಕೊಂಡಿದಾನೆ."

"ಕ್ಷಮಿಸಿ ಅಮ್ಮಾ, ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಮಗನ ಹೆಸರನ್ನು ಪೂರ್ತಿಯಾಗಿ, ಕೂಗಿ ಕರೆಯುವಷ್ಟು ಗಟ್ಟಿಯಾಗಿ ಹೇಳಿದರು. ಹೋದ ವರ್ಷ ತೀರಿಕೊಂಡ ಎಂದರು. ಸೊಸೆ ಒಂದು ಕಿವಿಯಿಂದ ಹೆಡ್‌ಫೋನು ಸರಿಸಿದಳು. ಗುಬ್ಬಿ ಪೆನ್ಸಿಲ್ಲು ನಿಲ್ಲಿಸಿ, "ಅಜ್ಜಿ ಅಪ್ಪನ ಹೆಸರು ಹೇಳಿದ್ರು," ಎಂದಳು, ಯಾರಿಗೆಂದಿಲ್ಲದೆ.

"ಆದ್ರೆ ಅಮ್ಮಾ, ಅವರು ಹೋದ ವಾರ ಕೂಡ ನಮ್ಮ ಜೊತೆ ಮಾತಾಡಿದಾರೆ ಅಂತ ಇಲ್ಲಿದೆಯಲ್ಲ."

"ಅದು ನನ್ನ ಚಿಕ್ಕ ಮಗ. ನಾನೇ ಮಾತಾಡಿಸಿದ್ದು. ಎರಡು ವರ್ಷಕ್ಕೆ ಒಪ್ಕೊಂಡಿದ್ದೂ ಅವನೇ. ಅವನ ತಪ್ಪಲ್ಲ. ಹಾಗಂತಲೇ ಬರ್ಕೊಳ್ಳಿ."

ಆ ಕಡೆಯ ಹುಡುಗಿ ಯಾರನ್ನೋ ಕೇಳಿ ಬಂದಳು. ಮರಣಪತ್ರ ಕಳಿಸಿದರೆ ಆಯಿತು, ದಂಡವೇನೂ ಇರುವುದಿಲ್ಲ ಎಂದಳು. ಸಂತಾಪದ ಮಾತೊಂದನ್ನು ಓದಿ ಹೇಳಿದಳು. ಇವತ್ತೇ ನಿಲ್ಲಿಸಲೇ ಎಂದು ಕೇಳಿದಳು.

ಅತ್ತೆ ಕಿಟಕಿಯ ಕಡೆ ತಿರುಗಿ ನೋಡಿದರು. "ಬೇಡ. ನನ್ನ ಸೊಸೆ ಕೆಲಸ ಮಾಡ್ತಿದಾಳೆ. ಅವಳ ಹೆಸರಲ್ಲಿ ಹೊಸದು ಬಂದ ಮೇಲೆ ತೆಗೀರಿ. ಅಲ್ಲೀವರೆಗೆ ಕೈ ಹಚ್ಚಬೇಡಿ."

ಫೋನನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋಗಿ ಒಲೆ ಸಣ್ಣ ಮಾಡಿದರು. ಅನ್ನ ತಳ ಹಿಡಿದಿತ್ತು. ಮೇಲಿನದನ್ನು ತೆಗೆದು ಬೇರೆ ಪಾತ್ರೆಗೆ ಹಾಕಿದರು.

ಮಧ್ಯಾಹ್ನ ಕಿರಿಯವನು ಬಂದಾಗ ಮಾವ ಅವನನ್ನು ಮೆಟ್ಟಿಲ ಹತ್ತಿರವೇ ನಿಲ್ಲಿಸಿ ವಿಷಯ ಹೇಳಿದರು. ಅವನು ಬಹಳ ಹೊತ್ತು ನಲ್ಲಿಯ ಕೆಳಗೆ ಮುಖ ಹಿಡಿದು ಧೂಳು ತೊಳೆದುಕೊಂಡ. ಎಲ್ಲರೂ ಊಟಕ್ಕೆ ಕೂತರು. ಆಗ ಸೊಸೆಯ ಅಕ್ಕನ ಕರೆ ಬಂತು.

"ಹೇಳಕ್ಕಾ," ಎಂದಳು ಸೊಸೆ. ಕೇಳಿಸಿಕೊಂಡಳು. "ಇಲ್ಲಕ್ಕಾ, ಕಾಯಬೇಡ. ಆ ರೂಮು ಯಾರಾದ್ರೂ ಕೇಳಿದ್ರೆ ಕೊಟ್ಬಿಡು... ಹೂಂ. ಇಲ್ಲೇ ಆಯ್ತು. ಮುಂದಿನ ವಾರ ಲೈನು ಹಾಕ್ತಾರೆ... ಇಲ್ಲ, ಯಾರೂ ಬೈದಿಲ್ಲ. ಎಲ್ಲರೂ ಊಟಕ್ಕೆ ಕೂತಿದೀವಿ."

"ಅವಳದು ಊಟ ಆಯ್ತಾ ಕೇಳು," ಎಂದರು ಅತ್ತೆ.

"ಅತ್ತೆ ಕೇಳ್ತಿದಾರೆ, ಊಟ ಆಯ್ತಾ ಅಂತ." ಸೊಸೆ ಫೋನ್ ಕೆಳಗಿಟ್ಟಳು. "ಆಯ್ತಂತೆ."

ಅತ್ತೆ ತಲೆಯಾಡಿಸಿ ಅವಳ ತಟ್ಟೆಗೆ ಅನ್ನ ಹಾಕಿದರು. ಸಾಕು ಅತ್ತೆ ಎಂದಳು. ಇನ್ನೂ ಸ್ವಲ್ಪ ಹಾಕಿದರು. ಸೊಸೆ ಬೇಡವೆನ್ನದೆ ಕಲಸಿಕೊಂಡಳು.